ಕಾರು ಕೊಡಬೇಡಿ, ಕಾರಿನ ಬೆಲೆ ಕೊಡಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ. ಕಲಬುರಗಿ ಜಿಲ್ಲೆಯ ಈ ಐದೂ ಕಡೆ ರಸ್ತೆಗಳ ಯಜಮಾನಿಕೆ ಸಿಮೆಂಟ್ ಲಾರಿಗಳದ್ದು. ಅವುಗಳ ನಡುವೆ ನೆಲಕ್ಕೆ ಅಂಟಿಕೊಂಡು ಓಡುವ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು ಕಂಡರೆ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದವರು ಕಪ್ಪು ಹಿಡಿದೇ ಎದ್ದು ಬಂದು ನೋಡುತ್ತಾರೆ. ಅಂಥ ಕಾರು ಇಲ್ಲಿ ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಲಾರಿ ಕಾಂಟ್ರಾಕ್ಟಿನಲ್ಲಿ ದುಡ್ಡು ಮಾಡಿದವರ ಮನೆಯಲ್ಲಿ, ಪರಸಿ ಕಲ್ಲು ಪಾಲಿಶ್ ಮಾಡುವವರ ಶೆಡ್ಡಿನಲ್ಲಿ, ಹೈದರಾಬಾದಿನ ನೌಕರಿ ಬಿಟ್ಟು ಅಮೆರಿಕಕ್ಕೆ ಹೋದ ಮಗನ ಕಾರು ಎಂದು ತಾಡಪತ್ರಿ ಹೊದಿಸಿಟ್ಟ ಅಂಗಳದಲ್ಲಿ ಒಂದೊಂದು ಇರುತ್ತದೆ. ನಿಂತಲ್ಲೇ ನಿಂತು ಬ್ಯಾಟರಿ ಸಾಯುತ್ತದೆ, ಇಲಿ ವೈರು ಕಡಿಯುತ್ತದೆ. ಆಗ ಮನೆಯ ಹಿರಿಯರು ಹೇಳುವ ಮಾತು: “ಮಠಕ್ಕರ ಕೊಟ್ಟು ಬಿಡ್ರಿ, ಸಾಲಿಗರ ಕೊಟ್ಟು ಬಿಡ್ರಿ, ಪುಣ್ಯ ಬರ್ತದ.”

ದಾಸೋಹದ ನೆಲ ಇದು, ಕೊಡುವ ಮನಸ್ಸಿಗೆ ಇಲ್ಲಿ ಬರ ಬಂದಿಲ್ಲ. ಕೊಡುವ ವಿಧಾನದಲ್ಲಿ ಮಾತ್ರ ಎಡವುತ್ತಾರೆ. ಅಂಥ ಕಾರಿರಲಿ, ಥಾರ್ ಇರಲಿ, ಎರಡು ಲಕ್ಷದ ಬೈಕ್ ಇರಲಿ, ಸೂತ್ರ ಇವೇ.

1. ಮೊದಲು ಪಡೆಯುವವರ ಜಾಗದಲ್ಲಿ ಕೂತು ಕಾರು ನೋಡಿ.

ಮಠದ ಅಪ್ಪೋರು ಕಾರಿನ ಸುತ್ತ ಒಂದು ಸುತ್ತು ಬಂದು ಕೇಳುವ ಮೊದಲ ಪ್ರಶ್ನೆ ಇದು: “ಇದರಾಗ ಎಷ್ಟು ಮಂದಿ ಕುಂದ್ರತಾರ?” ಇಬ್ಬರು. ಎರಡನೇ ಪ್ರಶ್ನೆ: “ಚಿಂಚೋಳಿ ಕಡೆ ತಾಂಡಾಕ್ಕ ಹೋಗತದೇನು?” ಹೋಗುವುದಿಲ್ಲ. ಇಂಥ ಕಾರಿನ ಹೊಟ್ಟೆ ನೆಲದಿಂದ ಒಂದು ಗೇಣೂ ಮೇಲಿರುವುದಿಲ್ಲ. ಊರಿಗೊಂದರಂತೆ ಇರುವ ಸ್ಪೀಡ್ ಬ್ರೇಕರೇ ಅದಕ್ಕೆ ಕಂಟಕ. ಮಳೆ ಬಿದ್ದ ಎರೆಮಣ್ಣಿನ ದಾರಿಯ ಮಾತೇ ಬೇಡ. ಮೂರನೇ ಪ್ರಶ್ನೆಯನ್ನು ಅವರು ಸಂಕೋಚದಿಂದ ಕೇಳುವುದಿಲ್ಲ, ನೀವೇ ಕೇಳಿಕೊಳ್ಳಬೇಕು: ವರ್ಷದ ವಿಮೆ, ಟೈರು, ಸರ್ವಿಸ್ ಖರ್ಚು ಯಾರು ಕೊಡುತ್ತಾರೆ? ಸರ್ವಿಸ್ ಸೆಂಟರ್ ಇರುವುದು ಹೈದರಾಬಾದಿನಲ್ಲಿ. ಒಂದು ಹೆಡ್‌ಲೈಟಿನ ಬೆಲೆಗೆ ಹಾಸ್ಟೆಲಿನ ತಿಂಗಳ ರೇಷನ್ ಬರುತ್ತದೆ. ನೀವು ಕೊಟ್ಟದ್ದು ದಾನ, ಅವರ ಕೈಗೆ ಬಂದದ್ದು ಖರ್ಚು. ಹಾಗಾಗಬಾರದು.

2. ಮಾರಿ. ಬಂದ ಹಣ ಕೊಡಿ.

ಇದೇನು ಹೊಸ ಬುದ್ಧಿಯಲ್ಲ. 1964ರ ಡಿಸೆಂಬರಿನಲ್ಲಿ ಪೋಪ್ ಆರನೇ ಪಾಲ್ ಮುಂಬೈಗೆ ಬಂದಿದ್ದರು. ಅಲ್ಲಿ ತಾವು ಓಡಾಡಿದ ಲಿಂಕನ್ ಕಾರನ್ನು ಹೋಗುವಾಗ ಮದರ್ ತೆರೇಸಾಗೆ ಕೊಟ್ಟು ಹೋದರು. ಕೊಲ್ಕತ್ತದ ಗಲ್ಲಿಗಳಲ್ಲಿ ನಡೆದೇ ಓಡಾಡುತ್ತಿದ್ದ ಆಕೆಗೆ ಆ ಉದ್ದನೆಯ ಲಿಮೋಸಿನ್ ಯಾಕೆ? ಆಕೆ ಅದರಲ್ಲಿ ಕೂರಲಿಲ್ಲ. ಲಾಟರಿ ಎತ್ತಿಸಿ, ಬಂದ ಹಣವನ್ನು ಕುಷ್ಠರೋಗಿಗಳ ವಸತಿಗೆ ಹಾಕಿದರು. 2017ರ ನವೆಂಬರಿನಲ್ಲಿ ಪೋಪ್ ಫ್ರಾನ್ಸಿಸ್ ಅವರಿಗೆ ಲ್ಯಾಂಬೊರ್ಗಿನಿ ಕಂಪನಿ ಬಿಳಿ ಬಣ್ಣದ ಹೊಚ್ಚಹೊಸ ಹುರಕಾನ್ ಕೊಟ್ಟಿತು. ಅವರು ಬಾನೆಟ್ಟಿನ ಮೇಲೆ ಒಂದು ಸಹಿ ಹಾಕಿ ಹರಾಜಿಗೆ ಕಳಿಸಿದರು. ಮರುವರ್ಷ ಅದು 7 ಲಕ್ಷ ಯೂರೋ ದಾಟಿ ಹೋಯಿತು. ಹಣದ ಒಂದು ಪಾಲು ಇರಾಕಿನಲ್ಲಿ ಯುದ್ಧಕ್ಕೆ ಹಾಳಾದ ಊರುಗಳ ಮನೆ ಕಟ್ಟುವುದಕ್ಕೆ ಮೀಸಲಾಗಿತ್ತು. ಕಾರನ್ನು ಹೇಗೆ ದಾನವಾಗಿಸಬೇಕು ಎಂಬುದಕ್ಕೆ ಇವೆರಡಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ನಮ್ಮ ತೆರಿಗೆ ಕಾನೂನು ಕೂಡ ಇದೇ ದಾರಿ ತೋರಿಸುತ್ತದೆ. 80ಜಿ ಎಂದು ಜನ ಕರೆಯುವ ವಿನಾಯಿತಿ ಹಣದ ರೂಪದ ದಾನಕ್ಕೆ ಮಾತ್ರ. ಜೋಳದ ಚೀಲ, ಕಂಬಳಿ, ಕಾರು ಕೊಟ್ಟರೆ ಪುಣ್ಯ ಬರಬಹುದು, ವಿನಾಯಿತಿ ಬರುವುದಿಲ್ಲ. ಹತ್ತು ಲಕ್ಷದ ಕಾರನ್ನು ಕಾರಾಗಿಯೇ ಕೊಟ್ಟವರಿಗೆ ಒಂದು ರೂಪಾಯಿ ವಿನಾಯಿತಿಯೂ ಇಲ್ಲ. ಅದೇ ಕಾರು ಮಾರಿ ಬ್ಯಾಂಕಿನ ಮೂಲಕ ಹಣ ಕೊಟ್ಟವರಿಗೆ ಇದೆ. ಇನ್ನೂ ಒಂದು ಅನುಕೂಲವಿದೆ. ಸ್ವಂತ ಬಳಕೆಗೆ ಇಟ್ಟುಕೊಂಡ ಕಾರು ಮಾರಿದರೆ ಅದರ ಮೇಲೆ ಬಂಡವಾಳ ಲಾಭದ ತೆರಿಗೆ ಇಲ್ಲ. ಫರ್ಮಿನ ಹೆಸರಿನಲ್ಲಿದ್ದು ಸವಕಳಿ ತೋರಿಸಿಕೊಂಡು ಬಂದ ಕಾರಾದರೆ ಲೆಕ್ಕ ಬೇರೆ. ಆಡಿಟರನ್ನೂ ಪಾಲುದಾರರನ್ನೂ ಕೇಳದೆ ಕೀಲಿ ಕೊಡಬೇಡಿ.

3. ಲಾಟರಿ ಎತ್ತುವ ಆಸೆ ಬೇಡ.

ಮದರ್ ತೆರೇಸಾ ಕಥೆ ಕೇಳಿದ ಉತ್ಸಾಹಿ ಹುಡುಗರು ನೂರು ರೂಪಾಯಿಯ ಕೂಪನ್ ಮಾಡಿಸಿ ಜಾತ್ರೆಯಲ್ಲಿ ಲಕ್ಕಿ ಡ್ರಾ ಇಡೋಣ ಎಂದು ಹೊರಡುತ್ತಾರೆ. ಕರ್ನಾಟಕದಲ್ಲಿ 2007ರಿಂದ ಲಾಟರಿಗೆ ನಿಷೇಧವಿದೆ. ದುಡ್ಡು ತಗೊಂಡು ಚೀಟಿ ಎತ್ತಿದರೆ, ಉದ್ದೇಶ ಎಷ್ಟೇ ಒಳ್ಳೆಯದಿರಲಿ, ಪೊಲೀಸ್ ಕೇಸು. ಹರಾಜು ಮಾಡಬಹುದು, ಲಾಟರಿ ಬೇಡ.

4. ವಿನಾಯಿತಿಯ ಲೆಕ್ಕವನ್ನು ಕಾರು ಮಾರುವ ಮೊದಲೇ ಹಾಕಿ.

ಇಲ್ಲಿ ಹೆಚ್ಚಿನವರಿಗೆ ನಿರಾಸೆಯಾಗುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ದಾನದ ವಿನಾಯಿತಿ ಇಲ್ಲ. 2023-24ರಿಂದ ನೀವು ಏನೂ ಆರಿಸದಿದ್ದರೆ ಹೊಸ ಪದ್ಧತಿಯೇ ನಿಮ್ಮದು. ಹಳೆ ಪದ್ಧತಿಯಲ್ಲೂ ಸಾಮಾನ್ಯ ಟ್ರಸ್ಟಿಗೆ ಕೊಟ್ಟ ಹಣದ ಅರ್ಧಕ್ಕೆ ಮಾತ್ರ ವಿನಾಯಿತಿ. ಅದರ ಮೇಲೆ, ಲೆಕ್ಕಕ್ಕೆ ಹಿಡಿಯುವ ದಾನ ನಿಮ್ಮ ಆದಾಯದ ಶೇ 10ನ್ನು ಮೀರುವಂತಿಲ್ಲ.

ಒಂದು ಉದಾಹರಣೆ ನೋಡಿ. ಆ ಮಿತಿಗೆ ಲೆಕ್ಕಕ್ಕೆ ಬರುವ ನಿಮ್ಮ ಆದಾಯ 12 ಲಕ್ಷ, ಕಾರು ಮಾರಿ ಕೊಟ್ಟದ್ದು 4 ಲಕ್ಷ. ಮಿತಿ 1 ಲಕ್ಷ 20 ಸಾವಿರ. ಅದರ ಅರ್ಧ 60 ಸಾವಿರ. ಆದಾಯದಲ್ಲಿ ಕಳೆಯಲು ಸಿಗುವುದು ಅಷ್ಟೇ, ಉಳಿದದ್ದು ಮುಂದಿನ ವರ್ಷಕ್ಕೆ ಹೋಗುವುದೂ ಇಲ್ಲ. ಹಾಗಾಗಿ ಫೆಬ್ರುವರಿ, ಮಾರ್ಚಿನಲ್ಲಿ ಕಾರು ಮಾರಿದವರು ಅರ್ಧ ಹಣವನ್ನು ಮಾರ್ಚ್ 31ರೊಳಗೆ, ಇನ್ನರ್ಧವನ್ನು ಏಪ್ರಿಲಿನಲ್ಲಿ ಕೊಟ್ಟರೆ ಎರಡು ವರ್ಷದ ಮಿತಿ ಸಿಗುತ್ತದೆ. ಸೇಡಂನ ಆಡಿಟರ್ ಇದನ್ನು ಹತ್ತು ನಿಮಿಷದಲ್ಲಿ ಹೇಳುತ್ತಾರೆ, ಕೇಳಿದರೆ.

ತೆರಿಗೆ ಉಳಿಸುವುದಕ್ಕಾಗಿಯೇ ದಾನ ಮಾಡುವವರಿಗೆ ನನ್ನ ಬಳಿ ಸಲಹೆಯಿಲ್ಲ. ಅವರು ಕಾರನ್ನು ಮಾರಿ ಹಣ ಇಟ್ಟುಕೊಳ್ಳುವುದೇ ಲಾಭ.

5. ನೋಟಿನ ಕಟ್ಟು ಮುಟ್ಟಬೇಡಿ.

ಸೆಕೆಂಡ್ ಹ್ಯಾಂಡ್ ಗಾಡಿ ವ್ಯಾಪಾರದಲ್ಲಿ “ಅರ್ಧ ಬ್ಲ್ಯಾಕ್, ಅರ್ಧ ವೈಟ್” ಎಂಬ ರೂಢಿ ಇನ್ನೂ ಸತ್ತಿಲ್ಲ. 2017ರ ಏಪ್ರಿಲ್‌ನಿಂದ ಒಂದು ವ್ಯವಹಾರದಲ್ಲಿ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದು ತಪ್ಪು. ದಂಡ ಬೀಳುವುದು ತಗೊಂಡವರಿಗೆ, ಅದೂ ತಗೊಂಡಷ್ಟೇ ಮೊತ್ತ. ಮುಂದೆ ಟ್ರಸ್ಟಿಗೆ ಕೊಡುವಾಗಲೂ 2,000 ರೂಪಾಯಿ ದಾಟಿದ ನಗದಿಗೆ ವಿನಾಯಿತಿ ಸಿಗದು. ಕೊಳ್ಳುವವರ ಖಾತೆಯಿಂದ ನಿಮ್ಮ ಖಾತೆಗೆ, ನಿಮ್ಮ ಖಾತೆಯಿಂದ ಟ್ರಸ್ಟಿನ ಖಾತೆಗೆ, ಹೀಗೆ ಎರಡು ಸಾಲು ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇರಲಿ.

6. ಆರ್‌ಸಿ ನಿಮ್ಮ ಹೆಸರಿನಿಂದ ಇಳಿಯುವವರೆಗೆ ಕಾರು ನಿಮ್ಮದೇ.

ಈ ಲೇಖನದಲ್ಲಿ ಒಂದೇ ಸೂತ್ರ ಓದುವಷ್ಟು ಪುರಸೊತ್ತಿದ್ದರೆ ಇದನ್ನು ಓದಿ. ನಮ್ಮ ಕಡೆ ಗಾಡಿ ಕೊಡುವ ರೀತಿ ಎಲ್ಲರಿಗೂ ಗೊತ್ತು. ಖಾಲಿ ಫಾರ್ಮಿನ ಮೇಲೆ ಸಹಿ, ಬಾಂಡ್ ಪೇಪರಿನ ಮೇಲೆ ಎರಡು ಸಾಲು, ಒಂದು ತೆಂಗಿನಕಾಯಿ, ಕೀಲಿ ಕೈಗೆ. ಗುರುತಿನವರಿಗೆ ಕೊಟ್ಟರೆ ಫಾರ್ಮಿಗೂ ಸಹಿ ಇಲ್ಲ. ಮಠಕ್ಕೋ ಸಂಸ್ಥೆಗೋ ಕೊಟ್ಟರೆ ಕಾಗದ ಕೇಳುವುದೇ ಅಪಚಾರ ಎಂಬಂತೆ ಸುಮ್ಮನಾಗುತ್ತಾರೆ.

2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಒಂದು ಕಾರು ಹಲವು ಕೈ ದಾಟಿ ಹೋಗಿತ್ತು. 2009ರಲ್ಲಿ ಅದು ಅಪಘಾತ ಮಾಡಿ ಒಂದು ಜೀವ ಹೋಯಿತು. ಆದರೆ ಆರ್‌ಸಿಯಲ್ಲಿದ್ದದ್ದು ಮೊದಲ ಮಾಲೀಕರ ಹೆಸರೇ. ನಾನು ಎಂದೋ ಮಾರಿದ್ದೇನೆ ಎಂಬ ಅವರ ವಾದ ನಿಲ್ಲಲಿಲ್ಲ. ನೋಂದಣಿ ಪುಸ್ತಕದಲ್ಲಿ ಯಾರ ಹೆಸರಿದೆಯೋ ಕಾನೂನಿನ ಕಣ್ಣಿಗೆ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದ್ದೇ ಎಂದಿತು ಕೋರ್ಟು. ನಡುವೆ ಬಂದ ಒಬ್ಬರೂ ತಮ್ಮ ಹೆಸರಿಗೆ ಮಾಡಿಸಿಕೊಂಡಿರಲಿಲ್ಲ. ಮುನ್ನೂರು ಕುದುರೆಶಕ್ತಿಯ ಕಾರನ್ನು ಯಾವುದೋ ಸಂಸ್ಥೆಯ ಕಾರ್ಯದರ್ಶಿಯ ಮಗ ರಾತ್ರಿ ವಾಡಿಯಿಂದ ಶಹಾಬಾದಿನ ಕಡೆ ಓಡಿಸುತ್ತಿದ್ದಾನೆ, ಆರ್‌ಸಿ ನಿಮ್ಮ ಹೆಸರಿನಲ್ಲಿದೆ ಎಂದು ಒಮ್ಮೆ ಯೋಚಿಸಿ. ನಿದ್ದೆ ಬರುವುದಿಲ್ಲ.

ಫಾರ್ಮ್ 29 ನೀವು ಗಾಡಿ ಕೊಟ್ಟಿರಿ ಎಂಬ ತಿಳಿವಳಿಕೆ. ರಾಜ್ಯದೊಳಗೇ ಕೊಟ್ಟಿದ್ದರೆ 14 ದಿನದೊಳಗೆ ಆರ್‌ಟಿಒಗೆ ಮುಟ್ಟಬೇಕು. ಫಾರ್ಮ್ 30 ಪಡೆದವರು ತಮ್ಮ ಹೆಸರಿಗೆ ಮಾಡಿಕೊಡಿ ಎಂದು ಹಾಕುವ ಅರ್ಜಿ, ಅದಕ್ಕೆ 30 ದಿನ. ವಿಮೆ ಹೊಸ ಮಾಲೀಕರ ಹೆಸರಿಗೆ ಬದಲಾಗಲು 14 ದಿನದೊಳಗೆ ಕಂಪನಿಗೆ ಬರೆಯಬೇಕು. ಕಲಬುರಗಿಯ ಕೆಎ-32 ಆಗಲಿ, ಮತ್ತಾವುದೇ ಸಂಖ್ಯೆಯಾಗಲಿ, ನಿಯಮ ಒಂದೇ. ಪಡೆಯುವವರು ಟ್ರಸ್ಟ್ ಆದರೆ ಟ್ರಸ್ಟ್ ಡೀಡ್, ಪ್ಯಾನ್, ಯಾರು ಸಹಿ ಹಾಕಬಹುದು ಎಂಬ ಠರಾವು ಕೇಳಿ ತಗೊಳ್ಳಿ. ಠರಾವು ಬರೆಯಲು ಬೇಸರಪಡುವ ಸಂಸ್ಥೆ ಲೆಕ್ಕ ಬರೆಯಲೂ ಬೇಸರಪಡುತ್ತದೆ.

ಕೀಲಿ ಕೊಡುವ ದಿನ, ಹೊತ್ತು, ಕಿಲೋಮೀಟರ್ ರೀಡಿಂಗ್ ಬರೆದು ಎರಡೂ ಕಡೆಯವರ ಸಹಿ ಹಾಕಿಸಿ. ಕೊಳ್ಳುವವರು ಬೇಸರಪಟ್ಟರೂ ಪರವಾಗಿಲ್ಲ.

7. ಹೈದರಾಬಾದಿನ ಬೆಲೆ, ಬೆಂಗಳೂರಿನ ಬೆಲೆ ಎರಡನ್ನೂ ಕೇಳಿ.

ಇಂಥ ಕಾರಿಗೆ ಸೇಡಂನಲ್ಲಿ ಗಿರಾಕಿ ಇಲ್ಲ. ಇದ್ದರೂ ಅವರು ಕೇಳುವುದು ಸ್ವಿಫ್ಟಿನ ರೇಟಿಗೆ. ತಾಂಡೂರು ದಾಟಿದರೆ ಹೈದರಾಬಾದ್ ಹತ್ತಿರ, ಗಿರಾಕಿಯೂ ಹೆಚ್ಚು. ಆದರೆ ರಾಜ್ಯ ದಾಟಿದ ಕೂಡಲೇ ಎನ್‌ಒಸಿ ಬೇಕು, ಅದು ಫಾರ್ಮ್ 28. ಕೊಳ್ಳುವವರು ತೆಲಂಗಾಣದಲ್ಲಿ ಮತ್ತೆ ಲೈಫ್ ಟ್ಯಾಕ್ಸ್ ಕಟ್ಟಬೇಕು. ಆ ಹಣವನ್ನು ಅವರು ನಿಮ್ಮ ಬೆಲೆಯಲ್ಲೇ ಕಡಿಯುತ್ತಾರೆ. ಬೆಂಗಳೂರಿನವರು ಕೊಂಡರೆ ಆ ತೆರಿಗೆ ಇಲ್ಲ. ದೂರದವರ ಬೆಲೆ ಒಂದೊಂದು ಸಲ ಹತ್ತಿರದವರಿಗಿಂತ ಲಕ್ಷ ಹೆಚ್ಚು ಬರುವುದು ಇದೇ ಕಾರಣಕ್ಕೆ. ಹೈದರಾಬಾದಿಗೇ ಕೊಟ್ಟರೆ, ಅಲ್ಲಿ ಹೊಸ ನೋಂದಣಿ ಆದ ದಾಖಲೆ ತರಿಸಿಕೊಂಡು ನಮ್ಮಲ್ಲಿ ಕಟ್ಟಿದ ಲೈಫ್ ಟ್ಯಾಕ್ಸಿನ ಉಳಿದ ಭಾಗ ವಾಪಸು ಕೇಳಬಹುದು. ಕೇಳುವವರು ಕಡಿಮೆ. ಕೇಳಿ, ಬಂದರೆ ಅದನ್ನೂ ದಾನದ ಗಂಟಿಗೆ ಸೇರಿಸಿ.

ಉಲ್ಟಾ ಕೂಡ ನಿಜ. ಮಗನ ಕಾರು ತೆಲಂಗಾಣ ಪಾಸಿಂಗ್ ಆಗಿದ್ದು ಇಲ್ಲಿಯ ಸಂಸ್ಥೆಗೆ ಕೊಟ್ಟರೆ ಎನ್‌ಒಸಿ, ಮರುನೋಂದಣಿ, ಕರ್ನಾಟಕದ ತೆರಿಗೆ ಮೂರೂ ಆ ಸಂಸ್ಥೆಯ ತಲೆಗೆ.

8. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದೆಯಾ ನೋಡಿ.

ಕೊನೆ ಕಂತು ಕಟ್ಟಿದ ದಿನ ಸಾಲ ಮುಗಿಯಿತು ಎಂದುಕೊಳ್ಳುತ್ತೇವೆ. ಆರ್‌ಸಿಗೆ ಅದು ಗೊತ್ತಿಲ್ಲ. ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಕೊಟ್ಟ ಮೇಲೇ ಆ ಹೆಸರು ಹೋಗುವುದು.

9. ಚಲನ್ ತೀರಿಸಿ, ಫಾಸ್ಟ್‌ಟ್ಯಾಗ್ ಮುಚ್ಚಿ, ನಂಬರ್ ಪ್ಲೇಟ್ ಬದಲಿಸಿ.

ಸ್ಪೋರ್ಟ್ಸ್ ಕಾರು ಇದ್ದವರಿಗೆ ಸ್ಪೀಡ್ ಕ್ಯಾಮೆರಾದ ಚಲನ್ ಇಲ್ಲದೆ ಇರುವುದಿಲ್ಲ. ಕರ್ನಾಟಕದ್ದೂ ನೋಡಿ, ತೆಲಂಗಾಣದ್ದೂ ನೋಡಿ. 2019ರ ಏಪ್ರಿಲ್ 1ಕ್ಕಿಂತ ಹಿಂದಿನ ಗಾಡಿಯಾದರೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಹಾಕಿಸಿದ್ದೀರಾ ಎಂದೂ ನೋಡಿ. ಫಾಸ್ಟ್‌ಟ್ಯಾಗ್ ಬಿಟ್ಟು ಕೊಟ್ಟರೆ ಹೊಸ ಮಾಲೀಕರ ತಿರುಪತಿ ಯಾತ್ರೆಯ ಟೋಲ್ ನಿಮ್ಮ ಖಾತೆಯಿಂದ ಹೋಗುತ್ತದೆ.

10. ಸಿಮೆಂಟ್ ದೂಳನ್ನು ಒಣ ಬಟ್ಟೆಯಿಂದ ಒರೆಸಬೇಡಿ.

ಈ ಸೂತ್ರ ನಮ್ಮ ಐದೂರಿಗೆ ಮಾತ್ರ. ವಾಡಿಯಲ್ಲಿ ಎಸಿಸಿ ಕಾರ್ಖಾನೆ 1968ರಿಂದ ಇದೆ. ಶಹಾಬಾದಿನ ಸಿಮೆಂಟ್ ಕಥೆ ಅದಕ್ಕಿಂತ ಹಳೆಯದು. 1936ರಲ್ಲಿ ಹತ್ತು ಕಂಪನಿ ಕೂಡಿ ಎಸಿಸಿ ಆದಾಗ ಶಹಾಬಾದ್ ಸಿಮೆಂಟ್ ಅದರಲ್ಲೊಂದು. ಸೇಡಂ ಕಡೆ ಮಳಖೇಡ, ಕೋಡ್ಲಾ, ಚಿತ್ತಾಪುರ ಕಡೆ ಇಟಗಾ, ಎಲ್ಲೆಡೆ ಕಾರ್ಖಾನೆ. ಅಂಗಳದಲ್ಲಿ ನಿಂತ ಕಾರಿನ ಮೇಲೆ ಕೂತದ್ದು ಬರೀ ಮಣ್ಣಿನ ದೂಳಲ್ಲ. ಅದರಲ್ಲಿ ಸುಣ್ಣವಿದೆ. ಒಂದು ಹನಿ ಮಳೆ ಬಿದ್ದರೆ ಬಣ್ಣಕ್ಕೆ ಹಿಡಿದುಕೊಳ್ಳುತ್ತದೆ. ಗಿರಾಕಿ ಬರುತ್ತಾನೆ ಎಂದು ಹುಡುಗ ಒಣ ಬಟ್ಟೆ ಹಿಡಿದು ತಿಕ್ಕಿದನೋ, ಮೈತುಂಬ ಗೀರು, ಬೆಲೆಯಲ್ಲಿ ಐವತ್ತು ಸಾವಿರ ಖೋತಾ. ಧಾರಾಳ ನೀರು ಬಿಟ್ಟು ದೂಳು ಇಳಿಸಿ, ಆಮೇಲೆ ಶಾಂಪೂ ಹಚ್ಚಿ. ಗಟ್ಟಿಯಾದ ಕಲೆಯನ್ನು ಕಲಬುರಗಿಯ ಡೀಟೇಲಿಂಗ್ ಅಂಗಡಿಯವರಿಗೆ ಬಿಡಿ.

ಏರ್ ಫಿಲ್ಟರ್ ಬದಲಿಸಿ. ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ತೆಗೆಸಿ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತವೆ. 1519 ಎಂದರೆ 2019ರ ಹದಿನೈದನೇ ವಾರದಲ್ಲಿ ತಯಾರಾದದ್ದು. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ನಿಂತ ಟೈರು ನೋಡಲು ಹೊಸದಿದ್ದರೂ ಒಳಗೆ ಒಣಗಿರುತ್ತದೆ. ಆರು ವರ್ಷ ದಾಟಿದ್ದರೆ ಕೊಳ್ಳುವವರಿಗೆ ನೀವೇ ಹೇಳಿ. ಪುಣ್ಯದ ಕೆಲಸಕ್ಕೆ ಹೊರಟವರು ಟೈರು ಮುಚ್ಚಿಟ್ಟು ಮಾರಬಾರದು.

11. ಹದಿನೈದು ವರ್ಷದ ಗಡಿ ಲೆಕ್ಕದಲ್ಲಿಡಿ.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2022ರ ಏಪ್ರಿಲ್ 1ರಿಂದ ಸಾಮಾನ್ಯ ಕಾರಿಗೆ ಅದರ ಶುಲ್ಕ 5,000 ರೂಪಾಯಿ, ಆಮದು ಕಾರಿಗೆ 40,000 ಎಂದಾಯಿತು. ಮುಂದೆ 20 ವರ್ಷ ದಾಟಿದ ಗಾಡಿಗೆ ಇನ್ನೂ ಏರಿಸಿದರು. ಗಡಿಗೆ ಆರು ತಿಂಗಳಿರುವಾಗ ಸಂಸ್ಥೆಯ ತಲೆಗೆ ಕಟ್ಟಿದರೆ ಅದು ದಾನವಲ್ಲ, ಕೈ ತೊಳೆದುಕೊಂಡದ್ದು. ಓಡದ ಕಾರಾದರೆ ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಕೊಡಿ. ಗುಜರಿ ಅಂಗಡಿಗೆ ಬೇಡ, ಅಲ್ಲಿ ಆರ್‌ಸಿ ರದ್ದಾಗುವುದಿಲ್ಲ. ಸರ್ಕಾರದ ಸ್ಕ್ರ್ಯಾಪ್ ನೀತಿ ಅಂದಾಜಿಸಿದ ಬೆಲೆ ಹೊಸ ಕಾರಿನ ಶೋರೂಂ ದರದ ಶೇ 4ರಿಂದ 6. ಗಾಡಿ ಒಪ್ಪಿಸಿದ್ದಕ್ಕೆ ಆ ಕೇಂದ್ರದಲ್ಲಿ ಸಿಗುವ ಠೇವಣಿ ಪ್ರಮಾಣಪತ್ರವನ್ನು ಹೊಸ ಗಾಡಿ ಕೊಳ್ಳುವವರಿಗೆ ವರ್ಗಾಯಿಸಲೂ ಬರುತ್ತದೆ.

ಆಮದು ಕಾರಿಗೆ ಸುಂಕದ ಕಾಗದವೂ ಬೇಕು. 2002ರಲ್ಲಿ ಬ್ರಾಡ್ಮನ್ ಅವರ 29 ಶತಕಗಳನ್ನು ಸರಿಗಟ್ಟಿದ ಸಚಿನ್ ತೆಂಡೂಲ್ಕರ್‌ಗೆ ಉಡುಗೊರೆಯಾಗಿ ಬಂದ ಫೆರಾರಿಗೆ ಕೋಟಿ ರೂಪಾಯಿ ದಾಟಿದ ಆಮದು ಸುಂಕ ಬಿತ್ತು. ಸರ್ಕಾರ ಮಾಫಿ ಮಾಡಿತು, ಗದ್ದಲವಾಗಿ ಕೋರ್ಟಿಗೆ ಹೋಯಿತು, ಕೊನೆಗೆ ಫಿಯೆಟ್ ಕಂಪನಿ ಕಟ್ಟಿತು. ದೊರೆ ಕೊಟ್ಟರೂ ಸುಂಕದವ ಬಿಡುವುದಿಲ್ಲ.

12. ಅಂಬುಲೆನ್ಸ್ ಮಾಡಿಸುವ ಕನಸು ಬಿಡಿ.

“ಸೀಟು ಕಿತ್ತು ಅಂಬುಲೆನ್ಸ್ ಮಾಡೋಣ” ಎನ್ನುವವರು ಪ್ರತಿ ಊರಿನಲ್ಲೂ ಇದ್ದಾರೆ. ಕಂಪನಿ ತಯಾರಿಸಿದ ರೂಪ ಬದಲಾಯಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಅಂಬುಲೆನ್ಸಿಗೆ ಬೇರೆಯೇ ಮಾನದಂಡವಿದೆ. ಅದೇ ರೀತಿ ಬಿಳಿ ಬೋರ್ಡಿನ ಕಾರಿನಲ್ಲಿ ಮಕ್ಕಳನ್ನು ದುಡ್ಡಿಗೆ ಒಯ್ಯುವಂತಿಲ್ಲ.

13. ಒಂದೇ ಒಂದು ಕಡೆ ಕಾರನ್ನು ಕಾರಾಗಿಯೇ ಕೊಡಿ: ಐಟಿಐ.

ನನಗೆ ಬಹಳ ಇಷ್ಟವಾದ ಸೂತ್ರ ಇದು. ಮೋಟಾರ್ ಮೆಕ್ಯಾನಿಕ್ ಟ್ರೇಡಿನ ಹುಡುಗರು ಎಷ್ಟೋ ಕಡೆ ಇಂದಿಗೂ ಹಳೇ ಅಂಬಾಸಿಡರ್ ಎಂಜಿನ್ ಮುಂದೆ ಕೂತು ಕಾರ್ಬ್ಯುರೇಟರ್ ಪಾಠ ಕೇಳುತ್ತಾರೆ. ಹೊರಗೆ ಬಂದರೆ ಕಾರ್ಬ್ಯುರೇಟರ್ ಇರುವ ಕಾರೇ ಇಲ್ಲ. ಟರ್ಬೊ, ಸೆನ್ಸರ್, ಕಂಪ್ಯೂಟರ್ ಇರುವ ನಿಮ್ಮ ಕಾರು ರಸ್ತೆಗೆ ಬಾರದಿದ್ದರೂ ಅವರ ಕೈಗೆ ಬಂಗಾರ. ಸ್ಕ್ಯಾನರ್ ಹಚ್ಚಿ ದೋಷ ಓದುವುದನ್ನು, ನಾಲ್ಕು ಚಕ್ರಕ್ಕೂ ಡಿಸ್ಕ್ ಬ್ರೇಕ್ ಬಿಚ್ಚಿ ಜೋಡಿಸುವುದನ್ನು ಚಿಂಚೋಳಿಯ ಹುಡುಗ ಮೊದಲ ಸಲ ಹೈದರಾಬಾದಿನ ಗ್ಯಾರೇಜಿನಲ್ಲಿ ಬೈಸಿಕೊಳ್ಳುತ್ತಾ ಕಲಿಯಬೇಕಿಲ್ಲ.

ಕೊಡುವ ಮೊದಲು ಪ್ರಾಂಶುಪಾಲರನ್ನು ಭೇಟಿಯಾಗಿ, ಆ ಟ್ರೇಡ್ ಇದೆಯಾ, ಶೆಡ್ಡಿನಲ್ಲಿ ಜಾಗ ಇದೆಯಾ ಕೇಳಿ. ಸರ್ಕಾರಿ ಐಟಿಐ ಆದರೆ ಮೇಲಿನವರ ಒಪ್ಪಿಗೆ ಪತ್ರ, ದಾಸ್ತಾನು ಪುಸ್ತಕದಲ್ಲಿ ನಮೂದು ಬೇಕು. ರಸ್ತೆಗೆ ಇಳಿಯದ ಕಾರಾದ್ದರಿಂದ ನೋಂದಣಿ ರದ್ದು ಮಾಡಿಸುವ ಕೆಲಸ ನಿಮ್ಮದು. ಕಾರು ಇನ್ನು ಓಡುವುದಿಲ್ಲ ಎಂದು ಬರೆದು ಆರ್‌ಟಿಒಗೆ ಆರ್‌ಸಿ ಒಪ್ಪಿಸಿ. ಟ್ಯಾಂಕಿನ ಪೆಟ್ರೋಲ್ ಪೂರ್ತಿ ತೆಗೆಸಿ. ಏರ್‌ಬ್ಯಾಗ್ ಕನೆಕ್ಷನನ್ನು ತಿಳಿದ ಮೆಕ್ಯಾನಿಕ್ ಕೈಯಿಂದ ಬಿಡಿಸಿ. ಅದರೊಳಗೆ ಸ್ಫೋಟಕವಿದೆ, ಹುಡುಗರು ಸ್ಟೀರಿಂಗ್ ಬಿಚ್ಚುವಾಗ ಮುಖಕ್ಕೆ ಸಿಡಿಯಬಾರದು. ಕಾರಿನ ಜತೆ ಸರ್ವಿಸ್ ಮ್ಯಾನುಯಲ್ ಮತ್ತು ಒಂದು ಒಳ್ಳೆಯ ಸ್ಕ್ಯಾನರ್ ಕೊಡಿಸಿದರೆ ಮೇಷ್ಟ್ರು ನಿಮ್ಮನ್ನು ಮರೆಯುವುದಿಲ್ಲ.

ಇದಕ್ಕೊಂದು ಅಪವಾದವಿದೆ: ನಿಜವಾಗಿಯೂ ಹಳೆಯ, ಅಪರೂಪದ ಕಾರಾಗಿದ್ದರೆ ಧರ್ಮಸ್ಥಳದ ಕಾರು ಸಂಗ್ರಹಾಲಯದಂಥ ಕಡೆ ಬರೆದು ಕೇಳಬಹುದು. ಹತ್ತು ವರ್ಷದ ಕಾರನ್ನು ವಿಂಟೇಜ್ ಎಂದು ಬರೆಯಬೇಡಿ.

14. ಹಣ ಎಲ್ಲಿಗೆ? ಊರಿನ ಹುಣ್ಣು ಎಲ್ಲಿದೆಯೋ ಅಲ್ಲಿಗೆ.

2025ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಕಲಬುರಗಿ ಜಿಲ್ಲೆ ರಾಜ್ಯದಲ್ಲೇ ಕೊನೆ, ಶೇ 42.43. ಮೊದಲು ಬಂದ ದಕ್ಷಿಣ ಕನ್ನಡ 91 ದಾಟಿತ್ತು. ರಾಷ್ಟ್ರಕೂಟರ ರಾಜಧಾನಿ ಮಳಖೇಡ ಇರುವ ತಾಲ್ಲೂಕು ನಮ್ಮದು, ಕನ್ನಡದ ಮೊದಲ ಲಕ್ಷಣಗ್ರಂಥ ಹುಟ್ಟಿದ ಆಸ್ಥಾನ ಅದು, ಎಂದು ಭಾಷಣ ಮಾಡುವವರು ಈ ಅಂಕಿಯನ್ನೂ ಜತೆಗೆ ಓದಬೇಕು. ಗಣಿತ, ಇಂಗ್ಲಿಷಿಗೆ ಇಬ್ಬರು ಮೇಷ್ಟ್ರನ್ನು ಸಂಜೆ ಪಾಠಕ್ಕೆ ಇಟ್ಟು ತಿಂಗಳಿಗೆ ಎಂಟೆಂಟು ಸಾವಿರ ಕೊಟ್ಟರೆ ಹತ್ತು ತಿಂಗಳಿಗೆ 1 ಲಕ್ಷ 60 ಸಾವಿರ. 4 ಲಕ್ಷಕ್ಕೆ ಎರಡೂವರೆ ವರ್ಷ ಒಂದು ಶಾಲೆಯ ಹತ್ತನೇ ತರಗತಿ ನಡೆಯುತ್ತದೆ. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ ಮೂಲಕ ರಸೀದಿ ಪಡೆದು ಕೊಡಿ. ಶಾಲೆಗೆ ನೇರ ಕೊಟ್ಟದ್ದಕ್ಕೆ 80ಜಿ ಸಿಗುತ್ತದೆಂದು ಮಾತ್ರ ಊಹಿಸಬೇಡಿ.

ಚಿಂಚೋಳಿಯ ತಾಂಡಾಗಳಿಂದ ಮುಂಬೈ, ಪುಣೆಗೆ ಗುಳೆ ಹೋಗುವವರ ಮಕ್ಕಳು ಅಜ್ಜಿಯರ ಹತ್ತಿರ ಉಳಿಯುತ್ತಾರೆ. ಅವರಿಗೆ ಊಟದ ಜತೆ ಓದು ಸಿಗುವ ಜಾಗ ಬೇಕು. ಶಹಾಬಾದಿನಲ್ಲಿ ಕಲ್ಲು ಕೊಯ್ಯುವವರ ಎದೆಗೆ ದೂಳು ಇಳಿಯುತ್ತದೆ. ಎಕ್ಸ್‌ರೇ ಶಿಬಿರ, ಒಳ್ಳೆಯ ಮಾಸ್ಕು, ನೀರು ಬಿಟ್ಟು ಕೊಯ್ಯುವ ವ್ಯವಸ್ಥೆಗೆ ಹಣ ಬೇಕು. ಯಾವ ಊರಿನಲ್ಲಿ ಏನಿಲ್ಲ ಎಂಬ ಪಟ್ಟಿ ಸಿಮೆಂಟ್ ಕಾರ್ಖಾನೆಗಳ ಸಿಎಸ್‌ಆರ್ ವಿಭಾಗದವರ ಬಳಿ ಇರುತ್ತದೆ. ಒಂದು ಸಲ ಹೋಗಿ ಕೂತರೆ ಅವರು ಕೊಟ್ಟದ್ದನ್ನೇ ನೀವೂ ಕೊಡುವುದು ತಪ್ಪುತ್ತದೆ. ಸಮುದಾಯ ಭವನಕ್ಕೆ ಕೊಡಬೇಡಿ, ಅವು ಸಾಕಷ್ಟಿವೆ.

15. ಹೆಸರಿನ ಫಲಕವನ್ನು ಕಾರಿಗಿಂತ ದೊಡ್ಡದು ಮಾಡಿಸಬೇಡಿ.

ಕೀಲಿ ಹಸ್ತಾಂತರ, ಶಾಲು, ಹಾರ, ಬ್ಯಾನರ್, ಪೆಂಡಾಲ್, ಶಾಸಕರು ಬರುವವರೆಗೆ ಬಿಸಿಲಲ್ಲಿ ಸಾಲಾಗಿ ಕೂತ ಮಕ್ಕಳು. ಅಂಥ ಒಂದು ಕಾರ್ಯಕ್ರಮದ ಖರ್ಚಿಗೆ ಆ ಮಕ್ಕಳಿಗೆ ಗೈಡ್ ಪುಸ್ತಕ ಬರುತ್ತಿತ್ತು. ಫೋಟೊ ಬೇಕೇ ಬೇಕೆಂದರೆ ಮೊಬೈಲಿನಲ್ಲಿ ಒಂದು ತೆಗೆಸಿಕೊಳ್ಳಿ, ಸಾಕು.

16. ಕೊಟ್ಟ ಮೇಲೂ ಬೆನ್ನು ಹತ್ತಿ.

ಟ್ರಸ್ಟಿನ 80ಜಿ ನೋಂದಣಿ ಇನ್ನೂ ಜೀವಂತವಾಗಿದೆಯಾ ಎಂದು ಆದಾಯ ತೆರಿಗೆ ಇಲಾಖೆಯ ತಾಣದಲ್ಲಿ ಹಣ ಕೊಡುವ ಮೊದಲೇ ನೋಡಿ. ಈಗ ಅದು ಒಮ್ಮೆ ಸಿಕ್ಕರೆ ಸದಾಕಾಲ ಎಂಬ ಹಾಗಿಲ್ಲ, ಅವಧಿ ಇದೆ. ಹತ್ತು ವರ್ಷದ ಹಿಂದಿನ ಪ್ರಮಾಣಪತ್ರದ ಝೆರಾಕ್ಸ್ ತೋರಿಸಿದರೆ ಒಪ್ಪಬೇಡಿ. ನಿಮ್ಮ ಪ್ಯಾನ್ ಕೊಟ್ಟು ಬನ್ನಿ. ಟ್ರಸ್ಟ್ ನಿಮ್ಮ ದಾನವನ್ನು ಇಲಾಖೆಗೆ ವರದಿ ಮಾಡಬೇಕು, ಆಮೇಲೆ 10ಬಿಇ ಎಂದು ಜನ ಗುರುತಿಸುವ ದಾನ ಪ್ರಮಾಣಪತ್ರ ನಿಮಗೆ ಕೊಡಬೇಕು. ಬರೀ ರಸೀದಿ ಪುಸ್ತಕದ ಚೀಟಿಯಿಂದ ವಿನಾಯಿತಿ ಬರುವುದಿಲ್ಲ. ರೂಢಿಯಲ್ಲಿ ಅದಕ್ಕೆ ಗಡುವು ಆರ್ಥಿಕ ವರ್ಷ ಮುಗಿದ ಮೇಲಿನ ಮೇ 31. ಜೂನ್ ಬಂದರೂ ಕೈ ಸೇರಿಲ್ಲವಾದರೆ ಕಾರ್ಯದರ್ಶಿಗೆ ಫೋನು ಹಚ್ಚಿ. “ಯಾಕ್ರಿ, ಅವಸರ ಏನದ?” ಎಂದರೆ, ಆಡಿಟರು ರಿಟರ್ನ್ ತುಂಬಲು ಕೂತಿದ್ದಾರೆ ಎನ್ನಿ. ಹಾಗೇ, ಆ ಸಂಜೆ ಪಾಠಕ್ಕೆ ಮೇಷ್ಟ್ರು ಬರುತ್ತಿದ್ದಾರಾ ಎಂದೂ ಕೇಳಿಬಿಡಿ.